ಹೊಟ್ಟೆ ತೊಳಸಿದರೆ ಬಾರ್ ಕೆಳಗಿಡು

ಜಿಮ್ ಸೇರಿದ ಹೊಸದರಲ್ಲಿ ಒಂದು ಮಾತು ನಿನ್ನ ಕಿವಿಗೂ ಬಿದ್ದಿರುತ್ತದೆ: ವಾಂತಿ ಬರುವಷ್ಟು ಮಾಡಿದರೇನೇ ಮೈ ಬೆಳೆಯುವುದು. ಅದನ್ನು ನಂಬಬೇಡ, ಮಗೂ. ಹೇಳಿದವರ ತೋಳು ನಿನ್ನ ತೊಡೆಯಷ್ಟಿರಲಿ, ಅವರು ನಿನ್ನ ಟ್ರೈನರೇ ಆಗಿರಲಿ, ನಂಬಬೇಡ. ಹೊಟ್ಟೆ ತೊಳಸಿದ್ದರಿಂದ ಯಾವ ಸ್ನಾಯುವೂ ಬೆಳೆಯುವುದಿಲ್ಲ. ಅಂದಿನ ಉಳಿದ ಸೆಟ್ಟುಗಳು ಕೆಡುತ್ತವೆ, ಮಾರನೆಯ ದಿನ ಹೋಗಲು ಮನಸ್ಸು ಹಿಂಜರಿಯುತ್ತದೆ, ಆಮೇಲೆ ಹೋಗುವುದೇ ನಿಂತುಹೋಗುತ್ತದೆ. ಆಸೆಯಿಂದ ಸೇರಿ ಹೀಗೆ ಬಿಟ್ಟುಬಿಟ್ಟ ಹುಡುಗ ಹುಡುಗಿಯರನ್ನು ಕಂಡು ನನಗೆ ಸಂಕಟವಾಗುತ್ತದೆ.

ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿದುಕೋ. ಸುಮ್ಮನೆ ಕೂತಿರುವಾಗ ಹೃದಯ ತಳ್ಳುವ ರಕ್ತದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೊಟ್ಟೆ, ಕರುಳು, ಯಕೃತ್ತಿನ ಕಡೆಗೆ ಹೋಗುತ್ತಿರುತ್ತದೆ. ಭಾರ ಎತ್ತಲು ತೊಡಗಿದಾಗ ದೇಹ ಆ ಪಾಲನ್ನು ಕಿತ್ತು ದುಡಿಯುವ ಸ್ನಾಯುಗಳಿಗೆ ಕೊಡುತ್ತದೆ. ಬೈಸೆಪ್ಸ್‌ನಂಥ ಸಣ್ಣ ಸ್ನಾಯುವಿನ ಬೇಡಿಕೆ ಸಣ್ಣದು. ತೊಡೆ, ನಿತಂಬ, ಬೆನ್ನು ಒಟ್ಟಿಗೆ ಕೈಚಾಚಿದರೆ ಹೊಟ್ಟೆಯ ಪಾಲು ಮೊದಲಿದ್ದುದರ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಸ್ಕ್ವಾಟ್, ಡೆಡ್‌ಲಿಫ್ಟ್, ಲೆಗ್ ಪ್ರೆಸ್ ಮಾಡುವ ದಿನವೇ ಓಕರಿಕೆ ಬರುವುದು ಇದರಿಂದ. ಜೊತೆಗೆ, ಒಂದರ ಹಿಂದೊಂದು ಸೆಟ್ ಹೊಡೆದಾಗ ಸ್ನಾಯುಗಳಲ್ಲಿ ಹುಟ್ಟಿದ ಆಮ್ಲ ರಕ್ತಕ್ಕೆ ಸೇರುತ್ತದೆ. ಅದನ್ನು ಸರಿದೂಗಿಸಲು ದೇಹಕ್ಕೆ ಒಂದಿಷ್ಟು ನಿಮಿಷ ಬೇಕು. ನೀನು ಆ ನಿಮಿಷಗಳನ್ನು ಕೊಡುತ್ತಿಲ್ಲ.

ನಾನು ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದ್ದು ಈ ವಿರಾಮದ ವಿಷಯವನ್ನೇ. ಸೆಟ್ಟುಗಳ ನಡುವೆ ಕೂರುವುದು ಸೋಮಾರಿತನ ಎಂಬ ಭಾವನೆ ಹೊಸಬರಲ್ಲಿ ಬಲವಾಗಿ ಬೇರೂರಿದೆ. ಆದರೆ 2016ರಲ್ಲಿ ವ್ಯಾಯಾಮ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ವ್ಯಾಯಾಮದ ಅಭ್ಯಾಸವಿದ್ದ ಯುವಕರನ್ನು ಎರಡು ಗುಂಪು ಮಾಡಿ, ಎಂಟು ವಾರ ಒಂದೇ ಬಗೆಯ ವ್ಯಾಯಾಮ ಮಾಡಿಸಿದರು. ಒಂದು ಗುಂಪಿಗೆ ಸೆಟ್ಟುಗಳ ನಡುವೆ 1 ನಿಮಿಷ ವಿರಾಮ, ಇನ್ನೊಂದಕ್ಕೆ 3 ನಿಮಿಷ. ಶಕ್ತಿಯೂ ಸ್ನಾಯುವೂ ಹೆಚ್ಚು ಬೆಳೆದದ್ದು ಮೂರು ನಿಮಿಷ ಸುಧಾರಿಸಿಕೊಂಡವರಿಗೆ. ಆದ್ದರಿಂದ ಸ್ಕ್ವಾಟ್‌ನಂಥ ದೊಡ್ಡ ಎತ್ತುಗೆಯ ನಡುವೆ ಗಡಿಯಾರ ನೋಡಿಕೊಂಡು ಮೂರು ನಿಮಿಷ ತೆಗೆದುಕೋ. ಆ ಹೊತ್ತಿನಲ್ಲಿ ಮೊಬೈಲಿಗೆ ತಲೆ ಬಗ್ಗಿಸಿ ಕುಸಿದು ಕೂರಬೇಡ, ಮೆಲ್ಲಗೆ ಅತ್ತಿತ್ತ ನಡೆ. ಪಕ್ಕದಲ್ಲಿ ಯಂತ್ರಕ್ಕೆ ಕಾಯುತ್ತಿರುವವರ ಮುಖ ನೋಡಿ ಅವಸರಪಡಬೇಡ. ನಿನ್ನ ವಿರಾಮದಲ್ಲಿ ಅವರೂ ಒಂದು ಸೆಟ್ ಮಾಡಿಕೊಳ್ಳಲಿ.

ಎರಡನೆಯದು ಉಸಿರು. 1985ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು ಪಳಗಿದ ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಮಾಪಕವಿಟ್ಟು ಅಳೆದರು. ಎರಡೂ ಕಾಲಿನ ಲೆಗ್ ಪ್ರೆಸ್ ಮಾಡುವಾಗ ರಕ್ತದೊತ್ತಡ ಸರಾಸರಿ 320/250ಕ್ಕೆ ಏರಿತ್ತು. ಎದೆಯಲ್ಲಿ ಉಸಿರು ಬಿಗಿಹಿಡಿದು ಮುಕ್ಕಿರಿಯುವುದು ಈ ಏರಿಕೆಗೆ ಒಂದು ದೊಡ್ಡ ಕಾರಣ. ಉಸಿರು ಬಿಟ್ಟಾಗ ಒತ್ತಡ ಒಮ್ಮೆಲೇ ಕೆಳಗೆ ಬೀಳುತ್ತದೆ, ಕಣ್ಣು ಕತ್ತಲಿಡುತ್ತದೆ, ಹೊಟ್ಟೆಯೊಳಗಿನದು ಗಂಟಲಿಗೆ ಬಂದಂತಾಗುತ್ತದೆ. ಇಳಿಸುವಾಗ ಒಳಗೆ ತೆಗೆದುಕೋ, ಎತ್ತುವಾಗ ಬಾಯಿಂದ ಬಿಡು. ತುಂಬ ಭಾರವಿದ್ದಾಗ ಸೊಂಟ ಗಟ್ಟಿಯಾಗಿರಲೆಂದು ಒಂದು ಕ್ಷಣ ಉಸಿರು ಹಿಡಿಯುವುದು ಬೇರೆ, ಹತ್ತು ಎತ್ತುಗೆ ಮುಗಿಯುವವರೆಗೂ ಕಟ್ಟಿಕೊಂಡಿರುವುದು ಬೇರೆ. ನಮ್ಮ ಗರಡಿಮನೆಗಳಲ್ಲಿ ಉಸ್ತಾದರು ಬಸ್ಕಿ ಹೊಡೆಯುವವನ ಕಾಲಿನಷ್ಟೇ ಉಸಿರಿನ ಲಯವನ್ನೂ ಗಮನಿಸುತ್ತಿದ್ದರು. ಹೊಸಬನಿಗೆ ಹಳಬರ ಲೆಕ್ಕದಷ್ಟು ಬಸ್ಕಿ ಕೊಡುತ್ತಲೂ ಇರಲಿಲ್ಲ. ಆ ಜಾಣ್ಮೆಯನ್ನು ಹವಾನಿಯಂತ್ರಿತ ಜಿಮ್ಮಿಗೂ ಒಯ್ಯಬಹುದು.

ಇನ್ನು ಊಟ. ಮುದ್ದೆ-ಸಾರಿನ ಊಟ, ಬಿರಿಯಾನಿ, ಮಸಾಲೆ ದೋಸೆ ಇಂಥವು ಹೊಟ್ಟೆ ಬಿಟ್ಟು ಮುಂದೆ ಸಾಗಲು ಮೂರ್ನಾಲ್ಕು ಗಂಟೆ ಬೇಕು. ಎಣ್ಣೆ, ತುಪ್ಪ ಹೆಚ್ಚಾದಷ್ಟೂ ತಡ. ಪೂರಿ-ಸಾಗು ತಿಂದು ಒಂದು ಗಂಟೆಗೆ ಡೆಡ್‌ಲಿಫ್ಟ್‌ಗೆ ಬಗ್ಗಿದರೆ ಅದು ಮೇಲಕ್ಕೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಾನು ಹೆಚ್ಚಾಗಿ ಕಾಣುವುದು ಇದರ ಉಲ್ಟಾ ತಪ್ಪನ್ನು. ಮಧ್ಯಾಹ್ನ ಒಂದಕ್ಕೆ ಆಫೀಸಿನಲ್ಲಿ ಉಂಡು, ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ರಾತ್ರಿ ಎಂಟಕ್ಕೆ ಬರಿಹೊಟ್ಟೆಯಲ್ಲಿ ಬಾರ್ ಹಿಡಿಯುತ್ತೀರಿ. ಇಲ್ಲವೇ ಬೆಳಗ್ಗೆ ಆರಕ್ಕೆ ಒಂದು ಲೋಟ ಕಡು ಕಾಫಿ ಮಾತ್ರ ಕುಡಿದು ಓಡುತ್ತೀರಿ. ಕೆಲವರ ಮೈಗೆ ಅದು ಒಗ್ಗುತ್ತದೆ, ಹಲವರಿಗೆ ನಡುಕ, ತಲೆಸುತ್ತು, ಹೊಟ್ಟೆ ತೊಳಸು. ಒಂದು ಗಂಟೆ ಮೊದಲು ಒಂದು ಬಾಳೆಹಣ್ಣು, ಅಥವಾ ಎರಡು ಇಡ್ಲಿ ತಿಂದು ನೋಡು. ಚಟ್ನಿ ಹೆಚ್ಚು ಬೇಡ. ಹಾಲು ಅರಗದವರು ವ್ಹೇ ಪುಡಿಯನ್ನು ವ್ಯಾಯಾಮಕ್ಕೆ ಮುಂಚೆ ಕುಡಿಯದಿರುವುದೇ ಒಳ್ಳೆಯದು.

ಪ್ರೀ-ವರ್ಕೌಟ್ ಎಂದು ಮಾರುವ ಡಬ್ಬಿಗಳ ಬಗ್ಗೆ ನನ್ನ ಮಾತು ಕಟುವೆನಿಸಿದರೂ ಪರವಾಗಿಲ್ಲ: ಹೊಸಬರಿಗೆ ಅವು ಬೇಡವೇ ಬೇಡ. ಒಂದು ಚಮಚದಲ್ಲೇ 200 ಮಿಲಿಗ್ರಾಂ, ಕೆಲವದರಲ್ಲಿ ಇನ್ನೂ ಹೆಚ್ಚು ಕೆಫೀನ್ ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ 400 ಮಿಲಿಗ್ರಾಂ ಮಿತಿ ಎನ್ನುತ್ತಾರೆ. ಬರಿಹೊಟ್ಟೆಗೆ ಅದನ್ನು ಸುರಿದುಕೊಂಡು, ಎದೆ ಡವಡವ ಎನ್ನುವಾಗ ಭಾರ ಎತ್ತಿ, ಆಮೇಲೆ ಓಕರಿಕೆ ಏಕೆ ಬಂತೆಂದು ಕೇಳುವ ಮಕ್ಕಳು ಬಹಳ.

ನೀರನ್ನು ಗುಟುಕು ಗುಟುಕಾಗಿ ಕುಡಿ. ಬಾಯಾರಿಕೆಯೆಂದು ಒಂದೇ ಸಲಕ್ಕೆ ಬಾಟಲಿ ಖಾಲಿಮಾಡಿದರೆ ಆ ನೀರೇ ಹೊಟ್ಟೆಯಲ್ಲಿ ಕುಲುಕಾಡಿ ಮೇಲೆ ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕಡೆ ಗಾಳಿಯಾಡದ ಜಿಮ್ಮಿನಲ್ಲಿ ಮಾಡುವವರು ಭಾರವನ್ನೇ ಇಳಿಸಬೇಕು, ಹೊತ್ತನ್ನು ನಸುಕಿಗೆ ಬದಲಿಸಬೇಕು. ಬೆವರು ಧಾರಾಳವಾಗಿ ಹರಿದ ದಿನ ಉಪ್ಪು ಹಾಕಿದ ಮಜ್ಜಿಗೆ ಕುಡಿ.

ಇಷ್ಟಾದರೂ ಒಂದು ದಿನ ಓಕರಿಕೆ ಬಂದೇಬಿಟ್ಟಿತು ಅಂದುಕೋ. ಆಗ ಸೆಟ್ ಮುಗಿಸುವ ಹಟ ಬೇಡ, ಬಾರ್ ಕೆಳಗಿಡು. ಗಾಳಿ ಬರುವ ಕಡೆಗೆ ನಡೆ, ಬಿಗಿಯಾದ ಬೆಲ್ಟ್ ಸಡಿಲಿಸು, ನಿಧಾನವಾಗಿ ಉಸಿರಾಡು. ತಲೆ ತಿರುಗುತ್ತಿದ್ದರೆ ಮಲಗಿ ಕಾಲು ಬೆಂಚಿನ ಮೇಲಿಡು. ಹತ್ತು ನಿಮಿಷದಲ್ಲಿ ಪೂರ್ತಿ ಸರಿಹೋದರೆ ಹಗುರ ಭಾರದಲ್ಲಿ ಬೇರೇನಾದರೂ ಮಾಡು, ಇಲ್ಲದಿದ್ದರೆ ಮನೆಗೆ ಹೋಗು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ನಡುಕ, ತಣ್ಣನೆ ಬೆವರು ಬಂದರೆ ಸಕ್ಕರೆ ಇಳಿದಿರಬಹುದು. ಕೂಡಲೇ ಸಿಹಿ ತಿನ್ನಬೇಕು, ಅಂದಿನ ವ್ಯಾಯಾಮ ಅಲ್ಲಿಗೆ ಮುಗಿಸಬೇಕು.

ಜ್ವರದಿಂದಲೋ ಮದುವೆ ಓಡಾಟದಿಂದಲೋ ಒಂದಿಷ್ಟು ವಾರ ಬಿಟ್ಟು ಮರಳಿದಾಗ ಹಳೆಯ ಭಾರವನ್ನು ಮುಟ್ಟಲೇಬೇಡ. ಅರ್ಧ ಭಾರ, ಅರ್ಧ ಸೆಟ್ಟುಗಳಿಂದ ತೊಡಗು. ಅವಸರಪಟ್ಟರೆ ವಾಂತಿಗಿಂತ ದೊಡ್ಡ ಅಪಾಯವಿದೆ. ಅಮೆರಿಕದ ಕ್ರಾಸ್‌ಫಿಟ್ ಎಂಬ ಬಿರುಸಿನ ವ್ಯಾಯಾಮ ಪದ್ಧತಿಯ ವಲಯದಲ್ಲಿ ಒಂದು ಕಾಲಕ್ಕೆ ವಾಂತಿ ಮಾಡುವ ಕೋಡಂಗಿಯ ಚಿತ್ರವೊಂದು ಹೆಮ್ಮೆಯ ಗುರುತಾಗಿತ್ತು, ಪ್ಯೂಕಿ ಎಂದು ಅದರ ಹೆಸರು. ಅದರ ಜೊತೆಗೇ ಅಂಕಲ್ ರ‍್ಯಾಬ್ಡೋ ಎಂಬ ಇನ್ನೊಂದು ಕೋಡಂಗಿಯೂ ಇತ್ತು. ಅದು ಸ್ನಾಯು ಒಡೆದು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುವ ರ‍್ಯಾಬ್ಡೋಮಯೋಲಿಸಿಸ್ ಎಂಬ ಅಪಾಯದ ಚಿತ್ರ. ಎರಡೂ ಒಂದೇ ಹಾದಿಯಲ್ಲಿ ಸಿಗುವಂಥವು. ವ್ಯಾಯಾಮದ ಮಾರನೆಯ ದಿನ ಸ್ನಾಯು ಊದಿ ಅಸಾಧ್ಯ ನೋವಿದ್ದು, ಮೂತ್ರ ಕಡು ಟೀ ಬಣ್ಣಕ್ಕೆ ತಿರುಗಿದ್ದರೆ ಮನೆಮದ್ದು ಹುಡುಕದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹಾಗೆಯೇ, ಓಕರಿಕೆಯ ಜೊತೆ ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ಸುಧಾರಿಸಿಕೊಂಡರೂ ಇಳಿಯದ ಏದುಸಿರು ಇದ್ದರೆ ವಯಸ್ಸು ಎಷ್ಟೇ ಇರಲಿ ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡ. ಬೈಕ್ ಹತ್ತಿ ಒಬ್ಬನೇ ಮನೆಗೆ ಹೊರಡಬೇಡ. ಪಕ್ಕದಲ್ಲಿರುವವರನ್ನು ಕರೆದು 108ಕ್ಕೆ ಫೋನ್ ಮಾಡಿಸು.