ದೊಡ್ಡ ತೊಟ್ಟಿಗೆ ಮೀನು ಬಿಡುವ ಮುನ್ನ

ಮಳೆ ನಂಬಿ ಶೇಂಗಾ ಬೆಳೆಯುವವ ನಾನು. ಮೊಮ್ಮಗನ ಹಟಕ್ಕೆ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟೆವು. 2 ವರ್ಷ ತಕರಾರಿಲ್ಲ. ದೊಡ್ಡ ತೊಟ್ಟಿ ತಂದ ದಿನವೇ ಹಳೇ ಮೀನು 5, ಅಂಗಡಿಯಿಂದ ತಂದ ಹೊಸವು 4, ಎಲ್ಲ ಒಟ್ಟಿಗೆ ಬಿಟ್ಟೆವು. ವಾರದೊಳಗೆ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ. ಕಲ್ಲಿಗೆ ಮೈ ತಿಕ್ಕಿದವು, ತಿನ್ನುವುದು ಬಿಟ್ಟವು. ಉಳಿದದ್ದು 2.

ಇದು ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿ. ಚರ್ಮ, ಕಿವಿರಿನಲ್ಲಿ ಕೆಲವು ದಿನ ತಿಂದು ಕೊಬ್ಬಿ ಉದುರುತ್ತದೆ. ಚುಕ್ಕೆ ಹೋಯಿತೆಂದು ನಾವು ಹಿಗ್ಗಿದ್ದು ಆಗಲೇ! ಜೇಕಿನ ಗಡ್ಡೆಯ ಹಾಗೆ ಅದು ತಳದ ಮರಳಲ್ಲಿ ಅಡಗಿ, ಒಂದು ಇದ್ದದ್ದು ನೂರಾರಾಗಿ ಏಳುತ್ತದೆ. ನಮ್ಮ ಅಮದಳ್ಳಿ ಕಡಲಲ್ಲಾದರೆ ನೀರಿನ ಸೆಳೆತಕ್ಕೆ ಚೆದುರಿ ಹೋದೀತು. ಗಾಜಿನೊಳಗೆ ಮತ್ತೆ ಅದೇ ಮೀನು ಸಿಗುತ್ತದೆ.

ಹೊಸ ಮೀನನ್ನು ಕನಿಷ್ಠ ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಡಿ. ಬಲೆ, ಬಕೆಟ್ಟು ಕೂಡ ಬೇರೆಯೇ ಇರಲಿ. ಬೋರ್ಡೋಕ್ಕೆಂದು ತಂದ ಮೈಲುತುತ್ತು ಕೈಯಳತೆಯಲ್ಲಿ ಹಾಕಲು ಹೋಗಬೇಡಿ. ತಾಮ್ರ ಮದ್ದು ಹೌದು, ಆದರೆ ಅಳತೆ ತಪ್ಪಿದರೆ ಮೀನಿಗೇ ವಿಷ. ಸಿಗಡಿ, ಏಡಿ ಇದ್ದಲ್ಲಂತೂ ಬೇಡವೇ ಬೇಡ.

ರೋಗ ಬಂದ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡಬೇಕು. ಮೀನು ಸಿಗದ ಮರಿಗಳು ಒಂದೆರಡು ದಿನದಲ್ಲೇ ಸಾಯುತ್ತವೆ, ಆದರೆ ಎಲ್ಲವೂ ಒಮ್ಮೆಗೇ ಏಳುವುದಿಲ್ಲವಲ್ಲ. ಉಳಿದೆರಡು ಮೀನು ಈಗ ಹಳೇ ತೊಟ್ಟಿಯಲ್ಲಿ ಅಳತೆಯ ಮದ್ದಿನಲ್ಲಿವೆ. ದೊಡ್ಡದರಲ್ಲಿ ಬರೀ ನೀರು ತಿರುಗುತ್ತಿದೆ. ಇಂದಿಗೆ 50ನೇ ದಿನ, ಮೊಮ್ಮಗ ಗೋಡೆ ಮೇಲೆ ಗೆರೆ ಎಳೆಯುತ್ತಿದ್ದಾನೆ.