ಹಳೆಯ ಟ್ರ್ಯಾಕ್ಟರ್ ಮಿಸ್ ಹೊಡೆಯುತ್ತಿದೆಯೇ? ಬಿಚ್ಚುವ ಮುನ್ನ ಪರೀಕ್ಷಿಸಿ



ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಟ ನೀರು ಮಲೆಬೆನ್ನೂರು ಶಾಖಾ ನಾಲೆಯ ಕೊನೆಯ ಗದ್ದೆಗಳನ್ನು ಮುಟ್ಟುವ ಹೊತ್ತಿಗೆ ಸಸಿಮಡಿಯಲ್ಲಿ ಪೈರು ಎದ್ದು ನಿಂತಿರುತ್ತದೆ. ನೀರನ್ನು ಸರದಿಯ ಮೇಲೆ ಬಿಡುವಾಗಲಂತೂ ಗದ್ದೆ ಕೆಸರು ಮಾಡಲು ಸಿಗುವುದು ಕೆಲವೇ ದಿನಗಳು. ಅಂಥ ದಿನದಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ಟ್ರ್ಯಾಕ್ಟರ್ ಕಬ್ಬಿಣದ ಚಕ್ರ ಹಾಕಿಕೊಂಡು ಕೆಸರಿಗೆ ಇಳಿದ ಕೂಡಲೇ "ಗುಡ್ ಗುಡ್" ಎಂದು ಮುಗ್ಗರಿಸತೊಡಗಿದರೆ ರೈತನ ಎದೆಯೂ ಅದರ ಜೊತೆಗೇ ಮುಗ್ಗರಿಸುತ್ತದೆ. ಬಲಿತ ಸಸಿ ನಾಟಿ ಮಾಡಿದರೆ ತೆಂಡೆ ಕಡಿಮೆ. ಬಾಡಿಗೆ ಟ್ರ್ಯಾಕ್ಟರ್ ತರೋಣವೆಂದರೆ ಆ ವಾರ ಎಲ್ಲರಿಗೂ ಅದೇ ಕೆಲಸ.

ಕೆಲವು ವರ್ಷಗಳ ಹಿಂದೆ ಆ ಭಾಗದ ರೈತರೊಬ್ಬರ ಮೂರು ಸಿಲಿಂಡರಿನ ಟ್ರ್ಯಾಕ್ಟರಿಗೆ ಹೀಗೇ ಆಯಿತು. ಅರ್ಧ ಗಂಟೆ ಚೆನ್ನಾಗಿ ಓಡುವುದು, ಆಮೇಲೆ ಮಿಸ್ ಹೊಡೆದು ನಿಂತೇಬಿಡುವುದು. ನೋಡಲು ಬಂದವರು ಹೆಡ್ ಬಿಚ್ಚಬೇಕು, ಪಿಸ್ಟನ್ ರಿಂಗು ಹೋಗಿದೆ ಎಂದರು. ಅವರು ಹಣ ಹೊಂದಿಸಲು ಹೊರಟಿದ್ದರು. ಆದರೆ ಒಂದು ಸಂಗತಿ ಅವರೇ ಮಾತಿನ ನಡುವೆ ಹೇಳಿದರು: "ಡೀಸೆಲ್ ಎಷ್ಟಿದೆ ಅಂತ ಟ್ಯಾಂಕಿನ ಬಾಯಿ ಬಿಚ್ಚಿ ನೋಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಯಾಗಿ ಓಡ್ತದೆ." ಹೋಗಿ ನೋಡಿದರೆ ಟ್ಯಾಂಕಿನ ಮುಚ್ಚಳ ಕಳೆದುಹೋಗಿತ್ತು, ಮಳೆ ನೀರು ಬೀಳದಿರಲೆಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟಿದ್ದರು. ಡೀಸೆಲ್ ಇಳಿದಂತೆಲ್ಲ ಒಳಗೆ ಗಾಳಿ ಹೋಗಲು ದಾರಿಯಿಲ್ಲದೆ ಹಾಳೆ ಬಟ್ಟಲಿನಂತೆ ಒಳಕ್ಕೆ ಜಗ್ಗಿತ್ತು. ಎಂಜಿನ್ನಿಗೆ ಇದ್ದ ರೋಗ ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ತಪ್ಪಿತು.

ಮುಚ್ಚಳದಲ್ಲಿರುವ ಸಣ್ಣ ಗಾಳಿ ರಂಧ್ರ ಕೆಸರಿನಿಂದ ಕಟ್ಟಿಕೊಂಡರೂ ಇದೇ ಫಲ. ಆದ್ದರಿಂದ ಯಾವುದೇ ನಟ್ಟಿಗೆ ಪಾನಾ ಹಾಕುವ ಮುನ್ನ ಟ್ಯಾಂಕಿನ ಮುಚ್ಚಳವನ್ನು ಸಡಿಲ ಮಾಡಿ ಓಡಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು.

ಮಿಸ್ ಹೊಡೆಯುವುದು ಎಂದರೇನು?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಚಿಕ್ಕ ಜಾಗಕ್ಕೆ ಒತ್ತಿದಾಗ ಆ ಗಾಳಿಯ ಶಾಖ 500 ಡಿಗ್ರಿ ಸೆಂಟಿಗ್ರೇಡ್ ದಾಟುತ್ತದೆ. ಆಗ ನಾಜಲ್ ಮೂಲಕ ಮಂಜಿನಂತೆ ಸಿಡಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 700 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿನಲ್ಲೂ 350 ಬಾರಿ ಹೀಗೆ ಉರಿಯಬೇಕು. ಯಾವುದಾದರೂ ಸಿಲಿಂಡರಿನಲ್ಲಿ ಉರಿ ತಪ್ಪಿದರೆ ಅದೇ ಮಿಸ್ಸಿಂಗ್. ಮೂರರಲ್ಲಿ ಒಂದು ಸತ್ತರೆ ಮೂರನೆಯ ಒಂದು ಭಾಗ ಶಕ್ತಿ ಹೋಯಿತೆಂದು ತಿಳಿಯಬೇಡಿ. ಸತ್ತ ಸಿಲಿಂಡರನ್ನು ಉಳಿದೆರಡು ಎಳೆದು ತಿರುಗಿಸಬೇಕಾದ್ದರಿಂದ ನಷ್ಟ ಇನ್ನೂ ಹೆಚ್ಚು.

ಉರಿ ತಪ್ಪಲು ಕಾರಣ ಮೂರೇ: ಡೀಸೆಲ್ ಬಾರದಿರುವುದು, ಬಂದರೂ ಮಂಜಾಗಿ ಸಿಡಿಯದಿರುವುದು, ಸಿಡಿದರೂ ಗಾಳಿ ಬೇಕಾದಷ್ಟು ಒತ್ತಡಕ್ಕೆ ಬಾರದಿರುವುದು. ಇದರಲ್ಲಿ ಯಾವುದೆಂದು ಕಂಡುಹಿಡಿಯುವುದೇ ಪರೀಕ್ಷೆಯ ಉದ್ದೇಶ.

ಮೊದಲು ಕಿವಿ ಮತ್ತು ಕಣ್ಣು

ಎಂಜಿನ್ನನ್ನು ನಿಧಾನ ವೇಗದಲ್ಲಿ ಬಿಟ್ಟು ಹೊಗೆ ಕೊಳವೆಯ ಬಳಿ ನಿಂತು ಆಲಿಸಿ. ತಪ್ಪು ತಾಳಕ್ಕೆ ಸರಿಯಾಗಿ, ಅಂದರೆ ಎರಡು ಏಟು ಬಿದ್ದು ಮೂರನೆಯದು ಪ್ರತಿ ಸಲವೂ ಬಿಟ್ಟುಹೋಗುತ್ತಿದ್ದರೆ ದೋಷ ಒಂದೇ ಸಿಲಿಂಡರಿನದು. ತಾಳವಿಲ್ಲದೆ ಒಮ್ಮೆ ಏರಿ ಒಮ್ಮೆ ಇಳಿದು ಎಲ್ಲೆಂದರಲ್ಲಿ ತಪ್ಪುತ್ತಿದ್ದರೆ ದೋಷ ಎಲ್ಲಕ್ಕೂ ಸೇರಿದ್ದು. ಡೀಸೆಲಿನಲ್ಲಿ ಗಾಳಿ ಅಥವಾ ನೀರು ಸೇರಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ ಎಂದು ಶಂಕಿಸಬೇಕು.

ಹೊಗೆಯನ್ನೂ ಗಮನಿಸಿ. ಮಿಸ್ ಹೊಡೆಯುತ್ತಿದ್ದರೂ ಹೊಗೆಯಿಲ್ಲವಾದರೆ ಆ ಸಿಲಿಂಡರಿಗೆ ಡೀಸೆಲೇ ತಲುಪುತ್ತಿಲ್ಲ. ಕಣ್ಣುರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಈ ಒಂದು ವ್ಯತ್ಯಾಸ ಅರ್ಧ ಕೆಲಸವನ್ನು ಮುಗಿಸುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವುದರ ಗುರುತು. ಕಪ್ಪು ಹೊಗೆ ಗಾಳಿ ಸಾಲದ್ದಕ್ಕೆ ಇಲ್ಲವೇ ಹೊರೆ ಹೆಚ್ಚಾದದ್ದಕ್ಕೆ. ಏರ್ ಕ್ಲೀನರಿನ ಬಟ್ಟಲನ್ನು ಬಿಚ್ಚಿ ತೊಳೆದು ಹೊಸ ಆಯಿಲ್ ಹಾಕಿರಿ.

ಗಾಳಿ ಮತ್ತು ನೀರು

ಮಳೆಗಾಲದ ತೊಂದರೆಗಳಲ್ಲಿ ಇವೆರಡೇ ಮುಖ್ಯವೆಂದು ನನ್ನ ಅನುಭವ. ಫಿಲ್ಟರಿನ ತಳದ ತಿರುಪು ಬಿಚ್ಚಿ ಸ್ವಲ್ಪ ಡೀಸೆಲನ್ನು ಗಾಜಿನ ಸೀಸೆಗೆ ಹಿಡಿದು ಅರ್ಧ ಗಂಟೆ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಇದು ಎಲ್ಲಿಂದ ಬಂತು? ಖಾಲಿ ಟ್ಯಾಂಕಿನ ತೇವದ ಗಾಳಿ ರಾತ್ರಿ ತಣ್ಣಗಾಗಿ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಆದ್ದರಿಂದ ಬೆಳಿಗ್ಗೆ ಡೀಸೆಲ್ ತುಂಬುವ ಬದಲು ಸಂಜೆ ಕೆಲಸ ಮುಗಿದ ಕೂಡಲೇ ತುಂಬಿಡುವುದು ಲೇಸು. ಡ್ರಮ್ಮಿನಲ್ಲಿ ತಂದಿಟ್ಟವರು ಅದನ್ನು ಒಂದು ದಿನ ಅಲುಗಿಸದೆ ಬಿಟ್ಟು, ತಳದ ಮೂರು ನಾಲ್ಕು ಅಂಗುಲ ಉಳಿಸಿ ಮೇಲಿನದನ್ನಷ್ಟೇ ತೆಗೆಯಬೇಕು. ಅಗ್ಗವೆಂದು ಸೀಮೆಎಣ್ಣೆ ಬೆರೆಸುವ ಚಾಳಿ ಕೆಲವರಲ್ಲಿದೆ. ಪಂಪಿನ ಒಳಭಾಗಗಳಿಗೆ ಡೀಸೆಲೇ ಜಾರೆಣ್ಣೆ. ಸೀಮೆಎಣ್ಣೆಗೆ ಆ ಗುಣವಿಲ್ಲದ್ದರಿಂದ ಪಂಪು ಸವೆಯುತ್ತದೆ. ಉಳಿಸಿದ ದುಡ್ಡು ಪಂಪಿನ ರಿಪೇರಿಗೆ ಸಾಲದು.

ಗಾಳಿ ತೆಗೆಯುವ ಕ್ರಮ ಹೀಗಿದೆ. ಟ್ಯಾಂಕಿನ ನಲ್ಲಿ ತೆರೆದು ಫಿಲ್ಟರಿನ ತಲೆಯ ಮೇಲಿರುವ ಗಾಳಿ ತಿರುಪನ್ನು ಎರಡು ಸುತ್ತು ಸಡಿಲಿಸಿ. ಫೀಡ್ ಪಂಪಿನ ಕೈಸನ್ನೆಯನ್ನು ಆಡಿಸುತ್ತಾ ಹೋದರೆ ಗುಳ್ಳೆ ಸಹಿತ ಡೀಸೆಲ್ ಹೊರಬರುತ್ತದೆ. ಗುಳ್ಳೆ ನಿಂತು ಶುದ್ಧ ಧಾರೆ ಬಂದಾಗ, ಧಾರೆ ಹರಿಯುತ್ತಿರುವಂತೆಯೇ ತಿರುಪನ್ನು ಬಿಗಿಯಿರಿ. ಅನಂತರ ಮುಖ್ಯ ಪಂಪಿನ ಮೇಲಿನ ತಿರುಪಿಗೂ ಹೀಗೆಯೇ ಮಾಡಿ. ಗಾಳಿ ತೆಗೆದ ಮರುದಿನವೇ ಮತ್ತೆ ಸೇರಿಕೊಂಡರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗದಲ್ಲಿ ಡೀಸೆಲನ್ನು ಪಂಪು ಹೀರುತ್ತಿರುವುದರಿಂದ ಅಲ್ಲಿ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ನುಗ್ಗಬಹುದು. ಗಟ್ಟಿಯಾದ ರಬ್ಬರ್ ಪೈಪು, ಸವೆದ ವಾಷರುಗಳನ್ನು ಹುಡುಕಬೇಕಾದದ್ದು ಅಲ್ಲಿಯೇ.

ಯಾವ ಸಿಲಿಂಡರ್?

ತಾಳಕ್ಕೆ ಸರಿಯಾಗಿ ಮಿಸ್ ಹೊಡೆಯುವ ಎಂಜಿನ್ನಿಗೆ ಎರಡು ಪರೀಕ್ಷೆಗಳಿವೆ. ಮೊದಲನೆಯದು ಹಳ್ಳಿಯಲ್ಲಿ ಯಾರಾದರೂ ಮಾಡಬಹುದಾದದ್ದು. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷದಲ್ಲಿ ಹೊಗೆ ಹೊರಬರುವ ಬೀಡಿನ ಪೈಪಿನ ಮೇಲೆ, ಪ್ರತಿ ಸಿಲಿಂಡರಿನ ಎದುರಿಗೆ ಒಂದೊಂದು ಹನಿ ನೀರು ಬಿಡಿ. ಉರಿಯುತ್ತಿರುವ ಸಿಲಿಂಡರಿನ ಎದುರು ಹನಿ ಬೇಗ ಆರಿಹೋಗುತ್ತದೆ. ಸತ್ತ ಸಿಲಿಂಡರಿನ ಎದುರು ಹಾಗೆಯೇ ನಿಲ್ಲುತ್ತದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಈ ಪರೀಕ್ಷೆ ನಡೆಯದು.

ಎರಡನೆಯದು ಮೆಕ್ಯಾನಿಕ್ಕರು ಮಾಡುವುದು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದು ನಾಜಲ್ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸುತ್ತಾರೆ. ಸದ್ದು ಬದಲಾಗಿ ಎಂಜಿನ್ ಇನ್ನಷ್ಟು ಮುಗ್ಗರಿಸಿದರೆ ಆ ಸಿಲಿಂಡರ್ ಸರಿಯಿದೆ. ನಟ್ಟು ಬಿಗಿದು ಮುಂದಿನದಕ್ಕೆ ಹೋಗಬೇಕು. ಯಾವುದನ್ನು ಸಡಿಲಿಸಿದರೂ ಬದಲಾವಣೆಯೇ ಕಾಣುವುದಿಲ್ಲವೋ ಅದೇ ಸತ್ತ ಸಿಲಿಂಡರ್.

ಇಲ್ಲಿ ಎಚ್ಚರಿಕೆ ಬೇಕು. ಇಂಥ ಎಂಜಿನ್ನುಗಳ ನಾಜಲ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 175ರಿಂದ 200 ಕಿಲೊಗ್ರಾಂ ಒತ್ತಡದಲ್ಲಿ ತೆರೆದುಕೊಳ್ಳುತ್ತದೆ. ಆ ಸಿಡಿತ ಚರ್ಮವನ್ನು ಸೂಜಿಯಂತೆ ತೂರಿ ಡೀಸೆಲನ್ನು ಒಳಗೆ ಸೇರಿಸಬಲ್ಲದು. ಹೊರಗೆ ಸೊಳ್ಳೆ ಕಡಿದಷ್ಟೇ ಗುರುತು ಕಾಣುತ್ತದೆ, ನೋವೂ ಮೊದಲಿಗೆ ಹೆಚ್ಚಿರದು. ಒಳಗೆ ಮಾಂಸ ಕೊಳೆತು ಬೆರಳನ್ನೇ ಕತ್ತರಿಸಬೇಕಾಗಬಹುದು. ಹಾಗಾದಲ್ಲಿ ಅರಿಶಿನ ಮೆತ್ತಿ ಕುಳಿತುಕೊಳ್ಳದೆ ಆ ಗಳಿಗೆಯಲ್ಲೇ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಡೀಸೆಲ್ ತೂರಿದೆ ಎಂದೇ ವೈದ್ಯರಿಗೆ ತಿಳಿಸಬೇಕು. ಸೋರಿಕೆ ನೋಡಲು ಬೆರಳು ಹಿಡಿಯದೆ ರಟ್ಟಿನ ತುಂಡು ಹಿಡಿಯಿರಿ. ಮತ್ತೊಂದು ಮಾತು: 2023ರ ಜನವರಿಯಲ್ಲಿ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂದ ಮೇಲೆ ಅನೇಕ ಮಾದರಿಗಳಿಗೆ ಕಾಮನ್ ರೈಲ್ ಪದ್ಧತಿ ಬಂದಿದೆ. ಅವುಗಳ ಒತ್ತಡ ಇದರ ಹಲವು ಪಟ್ಟು. ಅವುಗಳಲ್ಲಿ ನಟ್ಟು ಸಡಿಲಿಸುವ ಪರೀಕ್ಷೆಯನ್ನು ಎಂದಿಗೂ ಮಾಡಕೂಡದು.

ನಾಜಲೋ, ಕಂಪ್ರೆಷನ್ನೋ?

ಸತ್ತ ಸಿಲಿಂಡರ್ ಒಂದನೆಯದು ಎಂದಿಟ್ಟುಕೊಳ್ಳಿ. ಸುತ್ತಲಿನ ಮಣ್ಣನ್ನು ಬ್ರಷ್ಷು, ಡೀಸೆಲಿನಿಂದ ತೊಳೆದು ಒಂದನೆಯ ಮತ್ತು ಮೂರನೆಯ ನಾಜಲುಗಳನ್ನು ಅದಲುಬದಲು ಮಾಡಿ ಕೂಡಿಸಿ. ಪೈಪುಗಳನ್ನು ಮಾತ್ರ ಬದಲಿಸಬೇಡಿ. ಒಂದೊಂದರ ಬಾಗು ಒಂದೊಂದು ಬಗೆ. ಬಿಚ್ಚಿದ ಬಾಯಿಗಳಿಗೆ ಶುಭ್ರ ಬಟ್ಟೆ ಕಟ್ಟಿರಿ. ತಳದ ತಾಮ್ರದ ವಾಷರ್ ಗುಳಿಯಲ್ಲೇ ಅಂಟಿ ಉಳಿದಿದೆಯೇ ನೋಡಿ. ಅದನ್ನು ಕಾಣದೆ ಮೇಲೊಂದು ಹಾಕಿ, ನಾಜಲ್ ಎತ್ತರವಾಗಿ ಕುಳಿತು, ಇದ್ದ ರೋಗಕ್ಕೆ ಇನ್ನೊಂದನ್ನು ಸೇರಿಸಿಕೊಂಡವರನ್ನು ಕಂಡಿದ್ದೇನೆ. ಹೊಸ ವಾಷರ್ ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಆ ಹೊತ್ತಿಗೆ ನಡೆಯುತ್ತದೆ.

ಈಗ ಸ್ಟಾರ್ಟ್ ಮಾಡಿ. ಮಿಸ್ಸಿಂಗ್ ಮೂರನೆಯ ಸಿಲಿಂಡರಿಗೆ ಹೋಯಿತೇ? ನಾಜಲಿನದೇ ದೋಷ. ಅದನ್ನಷ್ಟೇ ಕಟ್ಟಿಕೊಂಡು ಹರಿಹರಕ್ಕೋ ದಾವಣಗೆರೆಗೋ ಬಸ್ಸಿನಲ್ಲಿ ಹೋಗಿ ಡೀಸೆಲ್ ಪಂಪ್ ಅಂಗಡಿಯಲ್ಲಿ ಪರೀಕ್ಷಿಸಿಕೊಂಡು ಬನ್ನಿ, ಟ್ರ್ಯಾಕ್ಟರನ್ನು ಎಳೆದೊಯ್ಯಬೇಕಿಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ತಯಾರಿಸುತ್ತಿದ್ದ ಊರು ಹರಿಹರ. ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಅಲ್ಲಿ ಬರವಿರಲಿಲ್ಲ.

ಮಿಸ್ಸಿಂಗ್ ಒಂದನೆಯದರಲ್ಲೇ ಉಳಿದು ಬಿಳಿ ಹೊಗೆಯೂ ಇದ್ದರೆ ಕಂಪ್ರೆಷನ್ ಕಡಿಮೆಯಾಗಿದೆ. ಆಗಲೂ ಮೊದಲು ನೋಡಬೇಕಾದದ್ದು ಟ್ಯಾಪೆಟ್. ವಾಲ್ವು ಕೂರುವ ಸ್ಥಳ ಸವೆದಂತೆ ಟ್ಯಾಪೆಟ್ ಸಂದು ಕಿರಿದಾಗಿ, ಕೊನೆಗೆ ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಟಿಕ್ ಟಿಕ್ ಎನ್ನುವ ಟ್ಯಾಪೆಟ್ಟಿಗಿಂತ ಸದ್ದಿಲ್ಲದ ಬಿಗಿ ಟ್ಯಾಪೆಟ್ ಹೆಚ್ಚು ಕೇಡಿನದು. ಸಂದಿನ ಅಳತೆ, ಅದನ್ನು ತಣ್ಣಗಿದ್ದಾಗ ನೋಡಬೇಕೋ ಬಿಸಿಯಿದ್ದಾಗಲೋ ಎಂಬುದು ಟ್ರ್ಯಾಕ್ಟರಿನ ಪುಸ್ತಕದಲ್ಲಿರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಹೊರನುಗ್ಗಿದರೆ ರಿಂಗುಗಳು ಸವೆದಿವೆ. ತಣ್ಣನೆಯ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ನೀರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಇಲ್ಲವೇ ಆಯಿಲ್ ಹಾಲು ಬೆರೆಸಿದಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಇಷ್ಟು ಕಂಡ ಮೇಲೆ ಹೆಡ್ ಬಿಚ್ಚಿಸಲು ಹಿಂಜರಿಯಬೇಡಿ.

ಪೆಟ್ರೋಲ್ ಬೈಕಿನವರಿಗೆ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಯೆಜ್ಡಿಯಂಥ ಬೈಕುಗಳು ಇನ್ನೂ ಕೆಲವರ ಮನೆಯಲ್ಲಿವೆ. ಅವುಗಳಲ್ಲಿ ಪ್ಲಗ್ ಬಿಚ್ಚಿ ನೋಡಿದರೆ ಸಾಕು: ಕಂದು ಬಣ್ಣ ಆರೋಗ್ಯದ ಗುರುತು, ಒಣ ಮಸಿ ಪೆಟ್ರೋಲ್ ಹೆಚ್ಚಾದದ್ದರ ಗುರುತು, ಪೆಟ್ರೋಲಿನಿಂದ ನೆನೆದಿದ್ದರೆ ಕಿಡಿಯಿಲ್ಲ. ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿ. ಪ್ಲಗ್ಗಿನ ತಂತಿ ಬಿರುಕುಬಿಟ್ಟಿದ್ದರೆ ನೀಲಿ ಕಿಡಿ ಹೊರಗೇ ಹಾರುವುದು ಕಾಣುತ್ತದೆ. ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾದರೆ ಕಂಡೆನ್ಸರ್ ಬದಲಿಸಿ. ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಬೈಕಿನ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಿಡಿ.

ಮಿಸ್ ಹೊಡೆದ ಟ್ರ್ಯಾಕ್ಟರನ್ನು ಹಾಗೆಯೇ ಎರಡು ಮೂರು ದಿನ ದುಡಿಸಿದ್ದರೆ, ದೋಷ ಸರಿಪಡಿಸಿದ ಮೇಲೆ ಆಯಿಲ್ ಗೇಜನ್ನು ಎಳೆದು ನೋಡಿರಿ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಗುಂಟ ಇಳಿದು ಆಯಿಲಿಗೆ ಸೇರಿರುತ್ತದೆ. ಮಟ್ಟ ಏರಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಹಾಕಿ ಎಷ್ಟೇ ದಿನವಾಗಿರಲಿ ಆ ಆಯಿಲನ್ನು ಫಿಲ್ಟರ್ ಸಮೇತ ಬದಲಿಸಿಯೇ ಟ್ರ್ಯಾಕ್ಟರನ್ನು ಮತ್ತೆ ಗದ್ದೆಗೆ ಇಳಿಸಿ.