ಕಚೇರಿಯ ದೂರವಾಣಿ ಕೈಕೊಡುವುದೇಕೆ?
(ಕಾರಣವನ್ನು ಕ್ರಮವಾಗಿ ಹುಡುಕುವ ಬಗೆ)



ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳಲ್ಲಿ ಅಕ್ಕಿಯ ಗಿರಣಿ, ದವಾಖಾನೆ, ಸಹಕಾರಿ ಸಂಘ, ಪಾಠಶಾಲೆ ಮುಂತಾದವುಗಳ ಚಿಕ್ಕ ಕಚೇರಿಗಳು ಅನೇಕವಾಗಿವೆ. ಹಲವೆಡೆ ದೂರವಾಣಿಯ ಮುಂದೆ ಕುಳಿತಿರುವವರು ನಮ್ಮಂಥ ಶಾಲೆಗಳಲ್ಲಿ ಓದಿ ಹೋದ ಹೆಣ್ಣುಮಕ್ಕಳೇ. ಗಂಟೆ ಬಾರಿಸದಿದ್ದರೆ, ಮಾತು ನಡುವೆ ಕಡಿದರೆ, “ಆ ಹುಡುಗಿ ಫೋನು ಎತ್ತುವುದಿಲ್ಲ” ಎಂಬ ಅಪವಾದವು ಮೊದಲು ಬೀಳುವುದು ಆಕೆಯ ಮೇಲೆ. ದವಾಖಾನೆಯಲ್ಲಾದರೋ ಒಂದು ಕರೆ ತಪ್ಪಿದರೆ ಅದರ ಫಲವು ಅಪವಾದಕ್ಕಿಂತಲೂ ಭಾರವಾದದ್ದು. ಆದುದರಿಂದ ಇಂಟರ್ನೆಟ್ಟಿನ ಮೇಲೆ ನಡೆಯುವ ಮೇಜಿನ ಫೋನು ಏಕೆ ತಪ್ಪುತ್ತದೆ, ಅದನ್ನು ಕಂಡುಹಿಡಿಯುವ ಕ್ರಮವೇನು ಎಂಬುದನ್ನು ಇಲ್ಲಿ ವಿಚಾರಿಸುವೆವು. ಇದಕ್ಕೆ ಇಂಜಿನಿಯರಿಕೆಯ ವಿದ್ಯೆ ಬೇಕಾಗಿಲ್ಲ; ಗಮನವೂ ತಾಳ್ಮೆಯೂ ಸಾಕು.

೧. ಈ ಯಂತ್ರವು ಕೆಲಸಮಾಡುವ ಬಗೆ

ದೂರವಾಣಿಗೆ ೧೮೭೬ರಲ್ಲಿ ಪೇಟೆಂಟು ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಕಿವುಡ ಮಕ್ಕಳಿಗೆ ಮಾತು ಕಲಿಸುವ ಉಪಾಧ್ಯಾಯನಾಗಿದ್ದನು. ಅವನ ಕಾಲದಿಂದ ಬಂದ ತಾಮ್ರದ ತಂತಿಯ ಫೋನಿನಲ್ಲಿ ಧ್ವನಿಯು ಮನೆಯಿಂದ ವಿನಿಮಯ ಕೇಂದ್ರದವರೆಗೆ ತನ್ನದೇ ಆದ ತಂತಿಯಲ್ಲಿ ಹರಿಯುತ್ತಿತ್ತು. ಅದಕ್ಕೆ ಬೇಕಾದ ಅಲ್ಪ ವಿದ್ಯುತ್ತೂ ಅಲ್ಲಿಂದಲೇ ಬರುತ್ತಿದ್ದುದರಿಂದ ಊರಲ್ಲಿ ಕರೆಂಟು ಹೋದರೂ ಫೋನು ನಡೆಯುತ್ತಿತ್ತು.

ಈಗಿನ ಫೋನು ಹಾಗಲ್ಲ. ಅದು ನಮ್ಮ ಮಾತನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ವಿಳಾಸ ಬರೆದ ಲಕೋಟೆಯಂತೆ ಕಳುಹಿಸುತ್ತದೆ. ಇದರಲ್ಲಿ ಎರಡು ಆಳುಗಳಿರುವರೆಂದು ಭಾವಿಸಿರಿ. ಒಬ್ಬನು ಕರೆಯುವವನು: ಗಂಟೆ ಬಾರಿಸುವುದು, ಮಾತು ಮುಗಿಸುವುದು ಇವನ ಕೆಲಸ. ಇದಕ್ಕೆ ಎಸ್.ಐ.ಪಿ. ಎಂದು ಹೆಸರು, ಈಗ ಬಳಕೆಯಲ್ಲಿರುವ ಇದರ ನಿಯಮಗಳು ೨೦೦೨ರಲ್ಲಿ ಪ್ರಕಟವಾದವು. ಇನ್ನೊಬ್ಬನು ಧ್ವನಿಯ ಮೂಟೆ ಹೊರುವವನು, ಇದಕ್ಕೆ ಆರ್.ಟಿ.ಪಿ. ಎಂದು ಹೆಸರು. ಕರೆಯುವವನು ಬಂದು ಹೊರುವವನು ಬಾರದಿದ್ದರೆ ಗಂಟೆ ಬಾರಿಸುತ್ತದೆ, ಮಾತು ಕೇಳಿಸದು. ಈ ಭೇದವನ್ನು ಮರೆಯಬಾರದು.

೨. ಮೊದಲು ಬರೆದಿಡಿರಿ

ಮಸ್ಕಿಯ ಬಂಡೆಯ ಶಾಸನವು ೧೯೧೫ರಲ್ಲಿ ದೊರೆತು, ಅದರಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಕಂಡುದರಿಂದ, “ದೇವಾನಾಂಪ್ರಿಯ”ನು ಯಾರೆಂಬ ಸಂದೇಹವು ತೀರಿತು. ಕಲ್ಲಿನಲ್ಲಿ ಒಂದು ಹೆಸರು ಬರೆದಿದ್ದುದರ ಪ್ರಯೋಜನವಿದು. ಅಂತೆಯೇ ಫೋನಿನ ಬಳಿ ಒಂದು ಪುಸ್ತಕವನ್ನಿಟ್ಟು, ತಪ್ಪಿದ ಪ್ರತಿ ಕರೆಗೂ ಇಷ್ಟನ್ನು ಬರೆಯಿರಿ: ದಿನ, ಗಂಟೆ, ಯಾವ ಫೋನು, ಒಳಬಂದ ಕರೆಯೋ ಹೊರಹೋದದ್ದೋ, ಯಾರಿಗೆ ಕೇಳಿಸಲಿಲ್ಲ, ಎಷ್ಟು ಹೊತ್ತಿನ ಮೇಲೆ ಕಡಿಯಿತು, ಆಗ ಕಚೇರಿಯಲ್ಲಿ ಬೇರೇನು ನಡೆಯುತ್ತಿತ್ತು. “ಯಾವಾಗಲೂ ಹೀಗೆಯೇ” ಎಂಬ ದೂರಿನಿಂದ ಸೇವೆ ಕೊಡುವವರಿಗೆ ಏನೂ ತಿಳಿಯದು. ನಿಮಿಷ ಸಹಿತವಾಗಿ ಬರೆದುದನ್ನು ಕೊಟ್ಟರೆ ಅವರು ತಮ್ಮ ದಾಖಲೆಯಲ್ಲಿ ಆ ಕರೆಯನ್ನೇ ಹುಡುಕಬಲ್ಲರು.

೩. ಒಂದೋ, ಎಲ್ಲವೋ?

ಒಂದೇ ಫೋನು ಕೆಟ್ಟಿದ್ದರೆ ಅದರ ತಂತಿಯನ್ನು ಸರಿಯಾಗಿರುವ ಫೋನಿನ ತಂತಿಯೊಡನೆ ಅದಲುಬದಲು ಮಾಡಿರಿ. ದೋಷವು ತಂತಿಯೊಡನೆ ಹೋದರೆ ತಂತಿಯದೇ ತಪ್ಪು. ಫೋನಿನಲ್ಲೇ ಉಳಿದರೆ ಫೋನಿನದು. ಬೇರೊಂದು ಯಂತ್ರವನ್ನು ಹಚ್ಚಿದ ಕೂಡಲೇ ಈ ಫೋನು ಕೆಡುವುದಾದರೆ ಎರಡಕ್ಕೂ ಒಂದೇ ಒಳವಿಳಾಸ ಬಿದ್ದಿರಬಹುದೆಂದು ಶಂಕಿಸಿರಿ. ಎಲ್ಲ ಫೋನುಗಳೂ ಒಟ್ಟಿಗೆ ಕೆಟ್ಟರೆ ದೋಷವು ಸ್ವಿಚ್ಚು, ರೌಟರು, ಹೊರಗಿನ ಲೈನು ಇವುಗಳಲ್ಲಿ ಒಂದರಲ್ಲಿರುವುದು.

೪. ಲಕ್ಷಣವೂ ಕಾರಣವೂ

ಫೋನು ಸತ್ತಂತಿದ್ದರೆ ಅಥವಾ ತಾನಾಗಿ ಮರಳಿ ಹೊತ್ತಿಕೊಂಡರೆ ವಿದ್ಯುತ್ತನ್ನು ನೋಡಿರಿ. ಫೈಬರಿನ ಪೆಟ್ಟಿಗೆ, ರೌಟರು, ಸ್ವಿಚ್ಚು, ಫೋನು ಈ ನಾಲ್ಕಕ್ಕೂ ಜೀವವಿದ್ದರೆ ಮಾತ್ರ ಮಾತು ನಡೆಯುವುದು. ಗಣಕಯಂತ್ರಕ್ಕೆ ಯು.ಪಿ.ಎಸ್. ಇಟ್ಟು ಫೈಬರಿನ ಪೆಟ್ಟಿಗೆಯನ್ನು ಮರೆತರೆ ಪ್ರಯೋಜನವಿಲ್ಲ. ನಮ್ಮ ಬೇಸಿಗೆಯಲ್ಲಿ ರೌಟರನ್ನು ಗಾಳಿಯಾಡದ ಬೀರುವಿನೊಳಗೆ ಮುಚ್ಚಿಡಬಾರದು.

ಮಾತು ತುಂಡು ತುಂಡಾಗಿ ಕೇಳಿಸಿದರೆ ಲೈನಿನ ಮೇಲಿನ ಭಾರವನ್ನು ನೋಡಿರಿ. ನಾಲೆಯ ಮೇಲ್ಭಾಗದವರು ನೀರನ್ನು ಹೆಚ್ಚಾಗಿ ಹರಿಸಿಕೊಂಡರೆ ಕೊನೆಭಾಗದ ಹೊಲ ಒಣಗುವುದೆಂದು ತುಂಗಭದ್ರಾ ಎಡದಂಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಕರೆಗೆ ಒಂದೊಂದು ದಿಕ್ಕಿಗೆ ಹೆಚ್ಚೆಂದರೆ ಸುಮಾರು ೯೦ ಕಿಲೋಬಿಟ್ ಸಾಕು, ಇದು ಅತ್ಯಲ್ಪ. ಆದರೆ ಕಾವಲು ಕ್ಯಾಮರಾ ತನ್ನ ಚಿತ್ರಗಳನ್ನು ಹೊರಗೆ ಕಳುಹಿಸುತ್ತಿದ್ದರೆ ಧ್ವನಿಯ ಲಕೋಟೆಗಳು ಅವುಗಳ ಹಿಂದೆ ಸಾಲುನಿಲ್ಲಬೇಕಾಗುವುದು. ತಡವಾಗಿ ಬಂದ ಧ್ವನಿಯು ಬಾರದ ಧ್ವನಿಗೆ ಸಮ. ರೌಟರಿನಲ್ಲಿ ಧ್ವನಿಗೆ ಮೊದಲ ಪಾಳಿ ಕೊಡುವ ಏರ್ಪಾಡಿದ್ದರೆ ಅದನ್ನು ಮಾಡಿಸಿರಿ. ಫೋನನ್ನು ವೈಫೈಗೆ ಬಿಡದೆ ತಂತಿಗೆ ಹಚ್ಚಿರಿ.

ಪರೀಕ್ಷೆಗೆ ಗಣಕಯಂತ್ರದಲ್ಲಿ “ಪಿಂಗ್” ಎಂಬ ಆಜ್ಞೆಯುಂಟು. ಮೊದಲು ರೌಟರಿಗೆ ನೂರು ಪಿಂಗ್ ಕಳುಹಿಸಿರಿ. ಬಳಿಕ ಹೊರಗಿನ ವಿಳಾಸಕ್ಕೆ ನೂರು. ರೌಟರಿನವರೆಗೇ ಕೆಲವು ಕಳೆದುಹೋದರೆ ದೋಷವು ಮನೆಯೊಳಗಿನದು. ಒಳಗೆ ಸರಿಯಿದ್ದು ಹೊರಗೆ ಕಳೆದುಹೋದರೆ, ಕಚೇರಿಯ ಇತರ ಯಂತ್ರಗಳನ್ನೆಲ್ಲ ಬಿಡಿಸಿ ಮತ್ತೊಮ್ಮೆ ನೋಡಿರಿ. ಆಗ ಸರಿಹೋದರೆ ಭಾರವೇ ಕಾರಣ. ಆಗಲೂ ಸರಿಹೋಗದಿದ್ದರೆ ಲೈನಿನವರನ್ನು ಕರೆಯಿರಿ.

ಒಬ್ಬರಿಗೆ ಮಾತ್ರ ಕೇಳಿಸಿದರೆ ಮೂಟೆ ಹೊರುವವನು ದಾರಿ ತಪ್ಪಿದ್ದಾನೆ. ಕಚೇರಿಯ ಯಂತ್ರಗಳಿಗೆ ರೌಟರು ಒಳವಿಳಾಸ ಕೊಟ್ಟಿರುತ್ತದೆ. ಹೊರಗಿನವರಿಗೆ ಆ ವಿಳಾಸ ಸಲ್ಲದು. ಫೋನು ತಿಳಿಯದೆ ಒಳವಿಳಾಸವನ್ನೇ ಬರೆದು ಕಳುಹಿಸಿದರೆ ಉತ್ತರವು ಮರಳಿ ಬಾರದು. ಇದನ್ನು ತಿದ್ದಲು ಅನೇಕ ರೌಟರುಗಳಲ್ಲಿ “ಸಿಪ್ ಎ.ಎಲ್.ಜಿ.” ಎಂಬ ಏರ್ಪಾಡಿದೆ, ಆದರೆ ಅದು ಹಲವು ವೇಳೆ ಕಾಗದವನ್ನು ಇನ್ನಷ್ಟು ಕೆಡಿಸುತ್ತದೆ. ಅದನ್ನು ನಿಲ್ಲಿಸಿ ಪರೀಕ್ಷಿಸಿರಿ.

ಹೊರಗೆ ಕರೆ ಹೋಗುತ್ತದೆ, ಒಳಗೆ ಬಾರದು ಎಂದಾದರೆ ರೌಟರು ಬಾಗಿಲು ಮುಚ್ಚಿದೆ. ಸ್ವಲ್ಪ ಹೊತ್ತು ಮಾತಿಲ್ಲದಿದ್ದರೆ ಅದು ಹಾಗೆ ಮಾಡುವುದುಂಟು. ಫೋನು ಮೂವತ್ತು ಸೆಕೆಂಡಿಗೊಮ್ಮೆ “ನಾನಿದ್ದೇನೆ” ಎಂದು ಸಂದೇಶ ಕಳುಹಿಸುವಂತೆ ಏರ್ಪಡಿಸಿದರೆ ಬಾಗಿಲು ತೆರೆದಿರುತ್ತದೆ. “ಫೋನು ಎತ್ತುವುದಿಲ್ಲ” ಎಂಬ ಅಪವಾದಕ್ಕೆ ಇದೂ ಒಂದು ಕಾರಣವೆಂದು ಯಜಮಾನರು ತಿಳಿಯತಕ್ಕದ್ದು. ಬಾರಿಸದ ಗಂಟೆಗೆ ಯಾರು ತಾನೇ ಓಗೊಡುವರು?

ಕರೆಯು ಪ್ರತಿಸಾರಿಯೂ ಸುಮಾರು ೩೨ ಸೆಕೆಂಡಿಗೆ ಸರಿಯಾಗಿ ಕಡಿದರೆ ಅದು ಆಕಸ್ಮಿಕವಲ್ಲ. ಕರೆ ಎತ್ತಿದವರ ಯಂತ್ರವು “ಎತ್ತಿದೆ” ಎಂದು ಹೇಳಿ, “ತಿಳಿಯಿತು” ಎಂಬ ಮರುಮಾತಿಗಾಗಿ ನಿಯಮದಂತೆ ಅಷ್ಟು ಹೊತ್ತು ಕಾಯುತ್ತದೆ. ಅದು ಬಾರದಿದ್ದರೆ ಕರೆಯನ್ನು ಮುಗಿಸುತ್ತದೆ. ಹದಿನೈದು ಅಥವಾ ಮೂವತ್ತು ನಿಮಿಷಕ್ಕೆ ಸರಿಯಾಗಿ ಕಡಿದರೆ, ಕರೆಯನ್ನು ಮುಂದುವರಿಸುವ ಸಂದೇಶವು ಎಲ್ಲೋ ತಡೆದುಹೋಗಿರಬಹುದು. ಗಡಿಯಾರ ನೋಡಿ ಬರೆದಿಟ್ಟವಳಿಗೇ ಈ ಗುಟ್ಟು ಸಿಕ್ಕುವುದು.

೫. ಕೆಲವು ನಿಯಮಗಳು

ಒಂದು ಸಾರಿಗೆ ಒಂದನ್ನೇ ಬದಲಿಸಿರಿ. ಬದಲಿಸುವ ಮೊದಲು ಹಿಂದಿನದನ್ನು ಬರೆದುಕೊಳ್ಳಿರಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಮದ್ದು ಯಾವುದೆಂದು ತಿಳಿಯದು. ಮೇಜಿನ ಫೋನು ಸಿಕ್ಕದಿದ್ದಾಗ ಕರೆಯು ಒಂದು ಮೊಬೈಲಿಗೆ ಹೋಗುವಂತೆ ಸೇವೆಯವರಿಂದಲೇ ಏರ್ಪಡಿಸಿ, ತಿಂಗಳಿಗೊಮ್ಮೆ ಪರೀಕ್ಷಿಸಿರಿ. ಆಪತ್ತಿಗೆ ೧೧೨ ಎಂಬ ಸಂಖ್ಯೆಯನ್ನು ಗೋಡೆಗೆ ಹಚ್ಚಿರಿ. ಕರೆದಾಗ ಊರನ್ನೂ ಬೀದಿಯನ್ನೂ ಮೊದಲು ಹೇಳಿರಿ, ಏಕೆಂದರೆ ಇಂಥ ಫೋನು ಎಲ್ಲಿದೆ ಎಂಬುದು ಅತ್ತಲವರಿಗೆ ತಾನಾಗಿ ತಿಳಿಯುವುದೆಂದು ನಂಬಲಾಗದು.

ಪೋಷಕರಲ್ಲಿ ಒಂದು ಬಿನ್ನಹ. ಹೆಣ್ಣುಮಕ್ಕಳು ಯಂತ್ರವನ್ನು ಬಿಚ್ಚಿ ನೋಡಲು ಕೇಳಿದರೆ ಬೇಡವೆನ್ನಬೇಡಿರಿ. ಊಹೆಯಿಂದ ಯಾರ ಮೇಲೂ ತಪ್ಪು ಹೊರಿಸದೆ, ಕಂಡದ್ದನ್ನು ಕಂಡಂತೆ ಬರೆದು, ಕಾರಣವನ್ನು ಒಂದೊಂದಾಗಿ ಶೋಧಿಸುವುದು ಫೋನಿಗೆ ಮಾತ್ರ ಸಲ್ಲುವ ಪಾಠವಲ್ಲ. ಅದನ್ನು ಚೆನ್ನಾಗಿ ಕಲಿತವಳು ದವಾಖಾನೆಯಲ್ಲಾಗಲಿ ಗಿರಣಿಯಲ್ಲಾಗಲಿ ತನ್ನ ಕೆಲಸದಲ್ಲಿ ನಂಬಿಗಸ್ತಳಾಗಿ ನಿಲ್ಲುವಳು. ದೂರದಿಂದ ಕೂಗಿದವರ ಮಾತು ಆಕೆಯ ದೆಸೆಯಿಂದ ತಲುಪಬೇಕಾದವರಿಗೆ ತಲುಪುವುದು.